ಮಳೆಗಾಲದಲ್ಲಿ ಜಮಖಾನ ಏಕೆ ನಾರುತ್ತದೆ?

ಬೀದರ್, ಭಾಲ್ಕಿ, ಔರಾದ್‌ಗಳ ಒಣ ಬೇಸಿಗೆಯಲ್ಲಿ ವಾಸನೆಯೇ ಇಲ್ಲದ ಉಣ್ಣೆಯ ಜಮಖಾನ, ಜುಲೈ ಬಂದೊಡನೆ ಮನೆಯ ನಾಯಿ, ಬೆಕ್ಕಿನ ವಾಸನೆ ಬೀರುವುದುಂಟು. ಕಾರಣವೇನು?

ಪ್ರಾಣಿಯ ಚರ್ಮದಿಂದ ಉದುರುವ ಹೊಟ್ಟು, ಜಿಡ್ಡು ಎಳೆಗಳ ನಡುವೆ ಸೇರುತ್ತವೆ. ಬ್ಯಾಕ್ಟೀರಿಯಗಳು ಅವನ್ನು ವಿಭಜಿಸಿದಾಗ ಸುಲಭವಾಗಿ ಆವಿಯಾಗುವ ಆಮ್ಲಗಳು ಉಂಟಾಗುತ್ತವೆ. ಒಣ ಹವೆಯಲ್ಲಿ ಇವುಗಳ ಅಣುಗಳು ಎಳೆಗೆ ಅಂಟಿಕೊಂಡಿರುತ್ತವೆ. ತೇವ ಹೆಚ್ಚಿದಾಗ ನೀರಿನ ಅಣುಗಳು ಆ ಜಾಗವನ್ನು ಆಕ್ರಮಿಸಿ ಅವನ್ನು ಗಾಳಿಗೆ ಬಿಡುತ್ತವೆ. ಉಣ್ಣೆಯು ತನ್ನ ತೂಕದ ಸುಮಾರು ಶೇ. 30ರಷ್ಟು ನೀರಾವಿ ಹೀರಿದರೂ ಮುಟ್ಟಿದರೆ ಒದ್ದೆ ಎನಿಸದು.

ಜಮಖಾನವನ್ನು ಮನೆಯ ಹೊರಗೆ ಬಡಿದು, ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಡಿ. ಆಮ್ಲಗಳು ಸೋಡಾದೊಂದಿಗೆ ವರ್ತಿಸಿ ಆವಿಯಾಗದ ಲವಣಗಳಾಗುತ್ತವೆ. ಬೆಳಿಗ್ಗೆ ಪುಡಿ ಕೊಡವಿ ಬಿಸಿಲಿಗೆ ಹಾಕಿ. ಮೂತ್ರದಿಂದ ಬರುವ ಅಮೋನಿಯ ಪ್ರತ್ಯಾಮ್ಲ. ಅದಕ್ಕೆ ಸೋಡಾ ನಾಟದು, ನೀರು ಬೆರೆಸಿದ ವಿನೆಗರ್ ಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದನ್ನೊಂದು ತಟಸ್ಥಗೊಳಿಸುತ್ತವೆ.

ಆದರೆ ವಾಸನೆ ಹೋದರೆ ಹೊಟ್ಟು ಹೋಯಿತೆಂದಲ್ಲ. ಅಲರ್ಜಿ ತರುವುದು ಅದಕ್ಕೆ ಅಂಟಿರುವ ಪ್ರೋಟೀನು. ಸೋಡಾ ಅದನ್ನು ನಾಶಮಾಡದು. 2–3 ಮೈಕ್ರಾನ್ ಗಾತ್ರದ ಕಣಗಳು ನಿಶ್ಚಲ ಗಾಳಿಯಲ್ಲೂ ಗಂಟೆಗಟ್ಟಲೆ ತೇಲುತ್ತವೆ. ಮನೆಯಲ್ಲಿ ಉಬ್ಬಸದ ಮಗುವಿದ್ದರೆ, ಮೂಗನ್ನು ನಂಬದೆ, ಆಗಾಗ್ಗೆ ಒಗೆಯಬಹುದಾದ ಹತ್ತಿಯ ಜಮಖಾನ ಹಾಸುವುದೇ ಲೇಸು.