ಕಾರ್ಖಾನೆಯ ಕಸದಿಂದ ಶಕ್ತಿ: ಲಾಭವೆಷ್ಟು, ಅಪಾಯವೆಷ್ಟು?

ಗೊಬ್ಬರ ಅನಿಲವೆಂದೊಡನೆ ನಾಗಪುರದಲ್ಲಿ ನೆಲೆಸಿರುವ ನಮ್ಮ ಕನ್ನಡ ಬಾಂಧವರಲ್ಲಿ ಹೆಚ್ಚಿನವರಿಗೆ ಊರಿನ ಕೊಟ್ಟಿಗೆಯ ಹಿಂದಿನ ಗುಂಡಿ, ಅದರ ಮೇಲೆ ಏರಿಳಿಯುವ ಕಬ್ಬಿಣದ ಡ್ರಮ್ಮು, ಅಡಿಗೆಮನೆಯ ನೀಲಿ ಉರಿ ಇವು ನೆನಪಿಗೆ ಬರುವುದು ಸ್ವಾಭಾವಿಕ. ಅದೇ ಅನಿಲವನ್ನು ಕಾರ್ಖಾನೆಯೊಂದು ತನ್ನ ಅಂಗಳದಲ್ಲಿಯೇ, ತನ್ನದೇ ಕೊಳಚೆಯಿಂದ ಉತ್ಪಾದಿಸಿ ಬಾಯ್ಲರಿಗೆ ಉಣಿಸಬಹುದೆಂಬುದು ಅಷ್ಟಾಗಿ ಪ್ರಚಾರದಲ್ಲಿರುವ ಸಂಗತಿಯಲ್ಲ. ನಾನು ವಾಣಿಜ್ಯಶಾಸ್ತ್ರದ ಪದವೀಧರ, ವೃತ್ತಿಯಲ್ಲಿ ಬ್ಯಾಂಕಿನ ಅಧಿಕಾರಿ. ವಿಜ್ಞಾನದ ಅಧಿಕಾರ ನನಗಿಲ್ಲ. ಆದರೆ ಇಂಥ ಸ್ಥಾವರಗಳಿಗೆ ಸಾಲ ಬೇಡಿ ಬರುವ ಯೋಜನಾ ವರದಿಗಳನ್ನು ಓದುವುದು ನನ್ನ ಕರ್ತವ್ಯದ ಭಾಗವಾದುದರಿಂದ, ಅವುಗಳಲ್ಲಿ ಬರೆದಿರುವುದನ್ನೂ ಬರೆಯದೇ ಬಿಟ್ಟಿರುವುದನ್ನೂ ಕುರಿತು ಕೆಲವು ಮಾತು ಹೇಳಬಯಸುತ್ತೇನೆ.

ಈ ವಿದ್ಯೆ ಹೊಸದೇನಲ್ಲ. 1897ರಷ್ಟು ಹಿಂದೆಯೇ ಮುಂಬಯಿಯ ಮಾಟುಂಗಾದ ಕುಷ್ಠರೋಗಿಗಳ ಆಶ್ರಯಧಾಮದಲ್ಲಿ ಮಲಿನದ ತೊಟ್ಟಿಯಿಂದ ಅನಿಲವನ್ನು ಸಂಗ್ರಹಿಸಿ ಬಳಸಿದ್ದರು. ನಮ್ಮ ಕರ್ನಾಟಕದಲ್ಲಿ, ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರವು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಗಣಿ ಅನಿಲದಿಂದ ಎಂಜಿನ್ ನಡೆಸಿ, 1987ರಿಂದ ಮನೆಗಳಿಗೆ ದೀಪವನ್ನೂ ಕೊಳವೆಬಾವಿಯ ನೀರನ್ನೂ ಒದಗಿಸಿತು. ಮೊದಲು ಅಡಿಗೆಗೆಂದು ಯೋಚಿಸಿದ್ದ ಯೋಜನೆಯದು. ಅದಕ್ಕೆ ಸಗಣಿ ಸಾಲದೆ, ಊರಿನವರಿಗೆ ನೀರೇ ಮುಖ್ಯವೆಂದು ಕಂಡುಬಂದಾಗ ದಾರಿ ಬದಲಿಸಿದರು. ಸಗಣಿ ತಂದವರಿಗೆ ತೂಕಕ್ಕೆ ತಕ್ಕ ಹಣ ಸಂದಾಯವಾಗುತ್ತಿತ್ತು, ರಾಡಿ ಗೊಬ್ಬರವಾಗಿ ಮರಳಿ ದೊರೆಯುತ್ತಿತ್ತು. ಲೆಕ್ಕಪತ್ರ ನೋಡುವವನಿಗೆ ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆ ಕಾಣಸಿಗುವುದು ಅಪರೂಪ.

ಕೈಗಾರಿಕೆಯ ವಿಷಯಕ್ಕೆ ಬಂದರೆ, ಮದ್ಯಸಾರದ ಕಾರ್ಖಾನೆ ಅಥವಾ ಡಿಸ್ಟಿಲರಿಯೇ ಅತ್ಯುತ್ತಮ ಉದಾಹರಣೆ. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಹುಳಿಹಿಡಿಸಿ ಬಟ್ಟಿಯಿಳಿಸಿದಾಗ ಒಂದು ಲೀಟರು ಮದ್ಯಸಾರಕ್ಕೆ ಸುಮಾರು 8ರಿಂದ 15 ಲೀಟರಿನಷ್ಟು ಕಪ್ಪು ಕಂದು ಬಣ್ಣದ ಕೊಳಚೆ ಉಳಿಯುತ್ತದೆ. ಸ್ಪೆಂಟ್‌ವಾಶ್ ಎಂದು ಇದರ ಹೆಸರು. ಇದನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳನ್ನು ಕೊಲ್ಲುತ್ತದೆ, ಬಾವಿಗಳನ್ನು ಕೆಡಿಸುತ್ತದೆ. ಇದೇ ದ್ರವವನ್ನು ಗಾಳಿಯಾಡದ ತೊಟ್ಟಿಯಲ್ಲಿ ಸುಮಾರು 35ರಿಂದ 37 ಡಿಗ್ರಿ ಉಷ್ಣತೆಯಲ್ಲಿ ಇರಿಸಿದರೆ ಒಂದು ಬಗೆಯ ಸೂಕ್ಷ್ಮಾಣುಗಳು ಅದರ ಸಾವಯವ ಅಂಶವನ್ನು ಆಮ್ಲಗಳನ್ನಾಗಿಯೂ, ಇನ್ನೊಂದು ಬಗೆಯವು ಆ ಆಮ್ಲಗಳನ್ನು ಮೀಥೇನ್ ಅನಿಲವನ್ನಾಗಿಯೂ ಮಾರ್ಪಡಿಸುತ್ತವೆ. ಮೊದಲಿನವು ಗಟ್ಟಿಗರು, ಎರಡನೆಯವು ಬಲು ನಾಜೂಕಿನ ಜೀವಿಗಳು.

ದಿನಕ್ಕೆ 30,000 ಲೀಟರು ಮದ್ಯಸಾರ ತಯಾರಿಸುವ ಘಟಕವೊಂದನ್ನು ಊಹಿಸಿಕೊಳ್ಳಿ. ಲೀಟರಿಗೆ 12ರಂತೆ ಹಿಡಿದರೆ 3,60,000 ಲೀಟರು ಕೊಳಚೆ. ಘನ ಮೀಟರಿಗೆ 30 ಘನ ಮೀಟರಿನಂತೆ ಅನಿಲ ದೊರೆತರೆ ದಿನಕ್ಕೆ 10,800 ಘನ ಮೀಟರು. ಒಂದು ಘನ ಮೀಟರಿನಲ್ಲಿ ಸುಮಾರು 5,000 ಕಿಲೋಕ್ಯಾಲೊರಿ ಶಾಖವಿರುವುದರಿಂದ, ಕಿಲೋಗ್ರಾಮಿಗೆ 4,000 ಕಿಲೋಕ್ಯಾಲೊರಿ ಕೊಡುವ ಕಲ್ಲಿದ್ದಲಿನ ಲೆಕ್ಕದಲ್ಲಿ ಇದು ಹದಿಮೂರೂವರೆ ಟನ್ನಿಗೆ ಸಮ. ಕಲ್ಲಿದ್ದಲಿನ ಗಣಿಗಳ ಮಗ್ಗುಲಲ್ಲಿಯೇ ಇರುವ ನಮ್ಮ ನಾಗಪುರದಲ್ಲಿಯೂ ಇದು ಉಪೇಕ್ಷಿಸತಕ್ಕ ಮೊತ್ತವಲ್ಲ. ಆದರೆ ಅನಿಲ ತೆಗೆದ ಮಾತ್ರಕ್ಕೆ ಕೊಳಚೆ ಶುದ್ಧವಾಯಿತೆಂದು ಭ್ರಮಿಸಬಾರದು. ಉಳಿದ ದ್ರವದ ಬಣ್ಣವೂ ಮಾಲಿನ್ಯವೂ ಇನ್ನೂ ಉಗ್ರವೇ. ಅದನ್ನು ಪ್ರೆಸ್‌ಮಡ್‌ನೊಡನೆ ಬೆರೆಸಿ ಗೊಬ್ಬರ ಮಾಡುವುದೋ, ಇಂಗಿಸಿ ಬಾಯ್ಲರಿನಲ್ಲಿ ಸುಡುವುದೋ ಆಗಲೇಬೇಕು. ಯೋಜನಾ ವರದಿಗಳು ಈ ಎರಡನೆಯ ಖರ್ಚನ್ನು ಅತಿ ಸಣ್ಣ ಅಕ್ಷರಗಳಲ್ಲಿ ಬರೆಯುತ್ತವೆ!

ಎಲ್ಲ ಕಸವೂ ಒಂದೇ ಅಲ್ಲ. ಕಬ್ಬಿನ ಸಿಪ್ಪೆ, ಭತ್ತದ ಹೊಟ್ಟು ಮುಂತಾದ ಒಣ ವಸ್ತುಗಳನ್ನು ತೊಟ್ಟಿಗೆ ಹಾಕುವುದಕ್ಕಿಂತ ನೇರವಾಗಿ ಸುಡುವುದೇ ಲೇಸು. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ 2001ರಲ್ಲಿ ಆರಂಭವಾದ ನಾಲ್ಕೂವರೆ ಮೆಗಾವಾಟ್ ಸ್ಥಾವರವು ಕಬ್ಬಿನ ತರಗು, ತೆಂಗಿನ ಗರಿಗಳಂಥ ಬೆಳೆಯ ಉಳಿಕೆಯಿಂದಲೇ ವಿದ್ಯುತ್ ತಯಾರಿಸಲೆಂದು ನಿರ್ಮಿತವಾದುದು. ಇನ್ನು ನಮ್ಮ ನಾಗಪುರದ ಹೆಮ್ಮೆಯ ಕಿತ್ತಳೆ! ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆ ಅನಿಲಕ್ಕೆ ಯೋಗ್ಯವೆಂದು ಯಾರಿಗಾದರೂ ತೋರೀತು. ಆದರೆ ಅದರಲ್ಲಿರುವ ಲಿಮೊನೀನ್ ಎಂಬ ಸುಗಂಧ ತೈಲವು ಮೇಲೆ ಹೇಳಿದ ನಾಜೂಕಿನ ಜೀವಿಗಳಿಗೆ ವಿಷ. ಮೊದಲು ತೈಲವನ್ನು ಬೇರ್ಪಡಿಸಿ, ಅನಂತರ ಬೇರೆ ಕಸದೊಡನೆ ಮಿತವಾಗಿ ಬೆರೆಸಿದರೆ ಮಾತ್ರ ಫಲ. ತೈಲಕ್ಕೆ ಪೇಟೆಯಲ್ಲಿ ಬೆಲೆಯುಂಟು ಎಂಬುದು ಸಮಾಧಾನದ ಸಂಗತಿ.

ಕಾರ್ಖಾನೆಗಳ ಕ್ಯಾಂಟೀನು, ಆಹಾರ ಸಂಸ್ಕರಣ ಘಟಕಗಳಿಗೆ ಇನ್ನೂ ಸರಳವಾದ ದಾರಿಯಿದೆ. ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ಡಾ. ಶರದ್ ಕಾಳೆಯವರು ರೂಪಿಸಿದ 'ನಿಸರ್ಗಋಣ' ಪದ್ಧತಿ ಅಡಿಗೆಮನೆಯ ಕಸಕ್ಕೆಂದೇ ಇರುವಂಥದು. ಒಂದು ಟನ್ ಆಹಾರ ತ್ಯಾಜ್ಯದಿಂದ 80ರಿಂದ 100 ಘನ ಮೀಟರು ಅನಿಲ ದೊರೆಯಬಹುದು. ಅಂದರೆ 19 ಕಿಲೋಗ್ರಾಮಿನ ಎರಡು ಸಿಲಿಂಡರು. ಸಿಲಿಂಡರಿಗೆ 1,800 ರೂಪಾಯಿಯೆಂದು ಹಿಡಿದರೆ 300 ಕೆಲಸದ ದಿನಗಳಿಗೆ 10,80,000 ರೂಪಾಯಿ. ಬ್ಯಾಂಕುಗಳಿಗೂ ಇದು ಅಪರಿಚಿತ ಕ್ಷೇತ್ರವಾಗಿ ಉಳಿದಿಲ್ಲ. ಸಂಪೀಡಿತ ಜೈವಿಕ ಅನಿಲವನ್ನು ತೈಲ ಕಂಪೆನಿಗಳು ಕೊಳ್ಳುವ 'ಸತತ್' ಯೋಜನೆ 2018ರಲ್ಲಿ ಬಂದಿತು. ಅಂಥ ಸ್ಥಾವರಗಳ ಸಾಲವನ್ನು ರಿಸರ್ವ್ ಬ್ಯಾಂಕು 2020ರಲ್ಲಿ ಆದ್ಯತಾ ವಲಯಕ್ಕೆ ಸೇರಿಸಿತು.

ಇಷ್ಟಾದರೂ ಎಷ್ಟೋ ಸ್ಥಾವರಗಳು ಸಹಾಯಧನ ಕೈಸೇರಿದ ಮರುವರ್ಷವೇ ತುಕ್ಕು ಹಿಡಿಯುವುದನ್ನು ಕಂಡಿದ್ದೇನೆ. ಹೆಸರು ಬೇಡ, ನಮ್ಮ ಊರಿನ ಹೊರವಲಯದ ಆಹಾರ ಘಟಕವೊಂದರಲ್ಲಿ ಅನಿಲ ಬರುತ್ತಿಲ್ಲವೆಂಬ ದೂರಿತ್ತು. ನೆಲ ತೊಳೆದ ಫಿನೈಲಿನ ನೀರೆಲ್ಲ ನೇರವಾಗಿ ತೊಟ್ಟಿಗೇ ಹರಿಯುತ್ತಿತ್ತು. ಜೀವಾಣು ಹೇಗೆ ಬದುಕೀತು? ತನಿಖೆಗೆಂದು ಹೋದ ದಿನ ಅದಕ್ಕಿಂತ ಘೋರವಾದುದು ಕಣ್ಣಿಗೆ ಬಿತ್ತು. ಹತ್ತಡಿ ಆಳದ ರಾಡಿಯ ಗುಂಡಿಯಲ್ಲಿ ಕಟ್ಟಿಕೊಂಡ ಹೂಳು ತೆಗೆಯಲು ಛತ್ತೀಸಗಢದ ಕೂಲಿಯ ಹುಡುಗನೊಬ್ಬ, ಮುಖಕ್ಕೆ ಒದ್ದೆ ಟವೆಲು ಸುತ್ತಿಕೊಂಡು ಏಣಿಯ ಎರಡನೆಯ ಮೆಟ್ಟಿಲಿನ ಮೇಲೆ ನಿಂತಿದ್ದ. "ಏನೂ ಆಗೋದಿಲ್ಲ ಸಾಹೇಬರೇ, ಈಗ ವಾಸನೆಯೇ ಇಲ್ಲ" ಎಂದು ಮೇಸ್ತ್ರಿ ನನಗೆ ಧೈರ್ಯ ಹೇಳಿದ. ನಾನು ಹುಡುಗನನ್ನು ಮೇಲಕ್ಕೆ ಕರೆಸಿದೆ.

ವಾಸನೆಯಿಲ್ಲದಿರುವುದೇ ಅಲ್ಲಿ ಅಪಾಯದ ಚಿಹ್ನೆಯಾಗಿರಬಹುದು. ಗೊಬ್ಬರ ಅನಿಲದಲ್ಲಿ ಮೀಥೇನಿನ ಜೊತೆಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವೂ ಇರುತ್ತದೆ. ಡಿಸ್ಟಿಲರಿಯ ಅನಿಲದಲ್ಲಂತೂ ಅದರ ಪ್ರಮಾಣ ಬಹಳ ಹೆಚ್ಚು. ಅಲ್ಪ ಪ್ರಮಾಣದಲ್ಲಿ ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 100 ಭಾಗ ಮುಟ್ಟಿತೆಂದರೆ ಮೂಗಿನ ಗ್ರಹಣಶಕ್ತಿಯೇ ಸತ್ತುಹೋಗುತ್ತದೆ. 500 ದಾಟಿದರೆ ಮನುಷ್ಯ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿ ಬೀಳಬಹುದು. ಇನ್ನೂ ಹೆಚ್ಚಾದರೆ ಒಂದೆರಡು ಉಸಿರೇ ಸಾಕು. ಗಾಳಿಗಿಂತ ಭಾರವಾದುದರಿಂದ ಅದು ಗುಂಡಿಯ ತಳದಲ್ಲಿ ಮಡುಗಟ್ಟಿರುತ್ತದೆ; ಹೂಳನ್ನು ಕದಡಿದಾಗ ಒಮ್ಮೆಗೇ ಮೇಲೇಳುತ್ತದೆ. ಒದ್ದೆ ಬಟ್ಟೆ ಅದನ್ನು ತಡೆಯಲಾರದು. ಬಿದ್ದವನನ್ನು ಎತ್ತಲು ಹಾರಿದ ಎರಡನೆಯವನೂ ಮೂರನೆಯವನೂ ಸಾಯುವುದು ಇಂಥ ದುರ್ಘಟನೆಗಳಲ್ಲಿ ಪದೇ ಪದೇ ಕಂಡುಬರುವ ಸಂಗತಿ. 1948ರ ಕಾರ್ಖಾನೆ ಕಾಯಿದೆಯ 36ನೆಯ ಕಲಮೇ ಇಂಥಲ್ಲಿ ಪರೀಕ್ಷೆಯ ಪ್ರಮಾಣಪತ್ರ, ಉಸಿರಾಟದ ಸಾಧನ, ಸೊಂಟದ ಪಟ್ಟಿ, ಹೊರಗಿನವನ ಕೈಯಲ್ಲಿ ಹಗ್ಗದ ತುದಿ ಇವುಗಳನ್ನು ವಿಧಿಸಿತ್ತು.

ಆ ಘಟಕದ ಮಾಲೀಕರು ಸಜ್ಜನರೇ. ಕಾಫಿ ತರಿಸಿದರು, ಮುಂದಿನ ಕಂತಿನ ಹಣ ಯಾವಾಗ ಬಿಡುಗಡೆಯಾಗುವುದೆಂದು ಕೇಳಿದರು. ಗಾಳಿ ನೂಕುವ ಬ್ಲೋವರು, ಅನಿಲ ಅಳೆಯುವ ಯಂತ್ರ, ಮುಕ್ಕಾಲಿ, ಹಗ್ಗ ಮತ್ತು ಪಟ್ಟಿ ಇವುಗಳ ಖರೀದಿಯ ರಸೀದಿ ಕಡತಕ್ಕೆ ಸೇರಿದ ಮೇಲೆ ಎಂದು ಹೇಳಿದೆ. ಇಂಥ ಷರತ್ತು ಯಾವ ಬ್ಯಾಂಕಿನಲ್ಲಿದೆ ಎಂದು ಗೊಣಗಿದರು. ಮೂರು ವಾರಗಳ ನಂತರ ರಸೀದಿ ಬಂದಿತು. ಒಟ್ಟು ಮೊತ್ತ ಸಾಲದ ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆಯಿತ್ತು.