ಮನೆಗೆ ತಾಗಿದ ಹೆಮ್ಮರ: ತೆಗೆಯುವುದು ಹೇಗೆ?

ಬೆಂಗಳೂರು: 2024ರ ಜೂನ್ 2ರಂದು ನಗರದಲ್ಲಿ ಒಂದೇ ದಿನ 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರಿಂದ ಉಳಿದುಬಂದಿದ್ದ ದಾಖಲೆ ಅಂದು ಅಳಿಸಿಹೋಯಿತು. ನೂರಾರು ಮರಗಳು ನೆಲಕ್ಕುರುಳಿದವು. ಮಹಾತ್ಮ ಗಾಂಧಿ ರಸ್ತೆ ಮತ್ತು ಇಂದಿರಾನಗರದ ನಡುವೆ ಹಳಿಯ ಮೇಲೆ ಮರ ಬಿದ್ದು ಮೆಟ್ರೊ ಸಂಚಾರವೇ ಸ್ಥಗಿತಗೊಂಡಿತು. ಇಂದಿರಾನಗರದ ಮಗ್ಗುಲಲ್ಲೇ ಇರುವ ಜೀವನ್ ಬಿಮಾ ನಗರದಂತಹ ಹಳೆಯ ಬಡಾವಣೆಗಳ ಮನೆಮಂದಿಯನ್ನು ಪ್ರತಿ ಮುಂಗಾರಿಗೂ ಮುನ್ನ ಕಾಡುವ ಪ್ರಶ್ನೆ ಒಂದೇ: ಕಾಂಪೌಂಡಿಗೆ ತಾಗಿ ನಿಂತಿರುವ ಈ ಹೆಮ್ಮರ ಮನೆಯ ಮೇಲೆ ಬಿದ್ದರೆ ಗತಿಯೇನು?

ಜೀವ ವಿಮಾ ನಿಗಮದ ವಸತಿ ಬಡಾವಣೆಯಿಂದ ಹೆಸರು ಪಡೆದ ಈ ಪ್ರದೇಶದಲ್ಲೂ, ಪಕ್ಕದ ತಿಪ್ಪಸಂದ್ರದಲ್ಲೂ ನೆರಳಿಗೆ ಕೊರತೆಯಿಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುತುವರ್ಜಿಯಲ್ಲಿ ನಗರದಾದ್ಯಂತ ಲಕ್ಷಾಂತರ ಸಸಿಗಳನ್ನು ನೆಡಲಾಯಿತು. ಆ ಕಾಲದ ಸಸಿಗಳಿಗೆ ಈಗ ನಲವತ್ತು ದಾಟಿದ ವಯಸ್ಸು. ಗುಲ್‌ಮೊಹರ್, ನೀರುಕಾಯಿಯಂತಹ ಮರಗಳು ಬೇಗ ಬೆಳೆಯುತ್ತವೆ, ಸೊಗಸಾಗಿ ಹೂ ಬಿಡುತ್ತವೆ. ಆದರೆ ಅವುಗಳ ಕಟ್ಟಿಗೆ ಪೆಡಸು, ಬೇರು ಮೇಲ್ಮಟ್ಟದ್ದು. ಇದರ ಜೊತೆಗೆ ಚರಂಡಿಗೆಂದು, ಕೇಬಲ್ಲಿಗೆಂದು ಒಂದು ಪಕ್ಕದ ಬೇರನ್ನು ಕತ್ತರಿಸಿ, ಬುಡದವರೆಗೆ ಕಾಂಕ್ರೀಟ್ ಮೆತ್ತಿದರೆ ಗಟ್ಟಿಮುಟ್ಟಾದ ಮರವೂ ಗಾಳಿಗೆ ಸೋಲುತ್ತದೆ. ಮರಗಳ ಬುಡದ ಸುತ್ತ ಒಂದು ಮೀಟರ್ ಜಾಗದಲ್ಲಿ ಕಾಂಕ್ರೀಟ್ ಇರಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಗೆ ಸಂಬಂಧಿಸಿ ಆದೇಶಿಸಿತ್ತು. ಬೆಂಗಳೂರಿನ ಪಾದಚಾರಿ ಮಾರ್ಗಗಳಲ್ಲಿ ನಡೆದಾಡುವವರಿಗೆ ಇದು ಬೇರೆ ಲೋಕದ ಮಾತೆನಿಸಿದರೆ ಆಶ್ಚರ್ಯವಿಲ್ಲ.

ಹೆದರಿಕೆ ಬೇರೆ, ಅಪಾಯ ಬೇರೆ

ಎತ್ತರವಾಗಿದೆ, ಗಾಳಿಗೆ ತೂಗುತ್ತದೆ ಎಂಬುದು ಮರ ತೆಗೆಯಲು ಕಾರಣವಾಗದು. ತೂಗುವುದು ಮರದ ಗುಣ. ನೋಡಬೇಕಾದ ಲಕ್ಷಣಗಳು ಬೇರೆಯೇ ಇವೆ. ಮೊದಲಿನಿಂದಲೂ ವಾಲಿಕೊಂಡೇ ಬೆಳೆದ ಮರಕ್ಕಿಂತ ಇತ್ತೀಚೆಗೆ ವಾಲತೊಡಗಿದ ಮರ ಹೆಚ್ಚು ಅಪಾಯಕಾರಿ. ವಾಲಿದ ದಿಕ್ಕಿನ ಹಿಂಬದಿಯಲ್ಲಿ ಮಣ್ಣು ಉಬ್ಬಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬೇರು ಕಿತ್ತುಬರುತ್ತಿದೆ ಎಂದೇ ಅರ್ಥ. ಬುಡದಲ್ಲಿ ಮರದಣಬೆ ಕಾಣಿಸಿಕೊಂಡರೆ ಒಳಗೆ ಕೊಳೆತ ಆರಂಭವಾಗಿರುವ ಸಾಧ್ಯತೆ ಹೆಚ್ಚು. ಮರದ ಸುತ್ತಿಗೆಯಿಂದ ಕಾಂಡವನ್ನು ತಟ್ಟಿದಾಗ ಡೊಳ್ಳಿನಂತೆ ಸದ್ದು ಬಂದರೆ ಪೊಳ್ಳಿದೆ. ಪೊಳ್ಳಾದ ಮರವೆಲ್ಲ ಬೀಳುವುದಿಲ್ಲ. ಸುತ್ತಲಿನ ಗಟ್ಟಿ ಕಟ್ಟಿಗೆಯ ದಪ್ಪ ಕಾಂಡದ ತ್ರಿಜ್ಯದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಾದಾಗ ತಜ್ಞರು ಚಿಂತಿಸತೊಡಗುತ್ತಾರೆ.

ಅನೇಕ ಬಾರಿ ಒಣಗಿದ ಕೊಂಬೆಗಳನ್ನು ತೆಗೆದು, ಮನೆಯ ಕಡೆಗೆ ಚಾಚಿದ ಭಾರವನ್ನು ತಗ್ಗಿಸಿದರೆ ಸಾಕಾಗುತ್ತದೆ. ತಲೆಯನ್ನೇ ಬೋಳಿಸುವುದು ಮಾತ್ರ ತಪ್ಪು. ಹಾಗೆ ಬೋಳಿಸಿದ ಜಾಗದಿಂದ ಚಿಗುರುವ ಹೊಸ ಕೊಂಬೆಗಳಿಗೆ ಗಟ್ಟಿಯಾದ ಬೆಸುಗೆಯಿರುವುದಿಲ್ಲ. ಕೆಲವೇ ವರ್ಷಗಳಲ್ಲಿ ಅಪಾಯ ಮೊದಲಿಗಿಂತ ಹೆಚ್ಚುತ್ತದೆ.

ಅನುಮತಿ ಕಡ್ಡಾಯ

ಮರ ಸ್ವಂತ ನಿವೇಶನದಲ್ಲೇ ಇದ್ದರೂ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಪಡೆಯಬೇಕು. ಬಿಬಿಎಂಪಿಯ ಜಾಗದಲ್ಲಿ 2025ರ ಸೆಪ್ಟೆಂಬರಿನಲ್ಲಿ ಐದು ನಗರ ಪಾಲಿಕೆಗಳು ಬಂದಿವೆಯಾದರೂ ಈ ನಿಯಮ ಬದಲಾಗಿಲ್ಲ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್‌ನಂತಹ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಸತ್ತ, ರೋಗ ಹಿಡಿದ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ತರುವ ಮರಗಳಿಗೆ ಅನುಮತಿ ನೀಡಲು ಕಾಯ್ದೆಯಲ್ಲೇ ಅವಕಾಶವಿದೆ. ಆದ್ದರಿಂದ ಬಿರುಕು, ಅಣಬೆ, ವಾಲಿಕೆಗಳ ಛಾಯಾಚಿತ್ರಗಳನ್ನು ಅರ್ಜಿಯೊಂದಿಗೆ ಲಗತ್ತಿಸುವುದು ಲೇಸು.

ಬಹಳಷ್ಟು ಮಂದಿಗೆ ತಿಳಿಯದ ಸಂಗತಿಯೊಂದಿದೆ. ಕಾಯ್ದೆಯ ದೃಷ್ಟಿಯಲ್ಲಿ ಕಡಿಯುವುದೆಂದರೆ ಬುಡ ಕತ್ತರಿಸುವುದಷ್ಟೇ ಅಲ್ಲ. ಕೊಂಬೆ ಸವರುವುದು, ಸುತ್ತ ತೊಗಟೆ ಕೆತ್ತುವುದು, ಬೆಂಕಿ ಇಡುವುದು, ವಿಷ ಹಾಕುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ರಾತ್ರೋರಾತ್ರಿ ಬುಡಕ್ಕೆ ಆ್ಯಸಿಡ್ ಸುರಿಯುವ ಚಾಳಿ ಅಪರಾಧ ಮಾತ್ರವಲ್ಲ, ಮೂರ್ಖತನವೂ ಹೌದು. ಹಾಗೆ ಒಣಗಿದ ಮರವನ್ನು ಹತ್ತಲು ನುರಿತ ಕೆಲಸಗಾರರು ಒಪ್ಪುವುದಿಲ್ಲ. ಇನ್ನು ರಸ್ತೆಬದಿಯ ಮರಗಳ ತಂಟೆಗೆ ನಾಗರಿಕರು ಹೋಗುವಂತೆಯೇ ಇಲ್ಲ. ದೂರು ನೀಡಿ ಪಾಲಿಕೆಯಿಂದಲೇ ಕೆಲಸ ಮಾಡಿಸಬೇಕು.

ಬೀಳಲು ಜಾಗವೆಲ್ಲಿ?

ಮೂವತ್ತು-ನಲವತ್ತರ ನಿವೇಶನವೆಂದರೆ ಉದ್ದ ಸುಮಾರು 12 ಮೀಟರ್, ಅಗಲ 9 ಮೀಟರ್. ಅದರಲ್ಲಿ ಮನೆ ಕಳೆದು ಉಳಿಯುವುದು ಕೆಲವೇ ಅಡಿ. ಅಲ್ಲಿರುವ ಮರ 15 ಮೀಟರ್ ಎತ್ತರವಿದ್ದರೆ ಅದನ್ನು ಇಡಿಯಾಗಿ ಉರುಳಿಸಲು ಯಾವ ದಿಕ್ಕಿನಲ್ಲೂ ಜಾಗವಿಲ್ಲ. ತೋಟದಲ್ಲಿ ಮರ ಉರುಳಿಸುವಾಗ ಅದರ ಎತ್ತರದ ಎರಡು ಪಟ್ಟು ದೂರದವರೆಗೆ ಯಾರೂ ಇರಬಾರದೆಂಬ ನಿಯಮವಿದೆ. ಇಲ್ಲಿ ಆ ಅಳತೆಯೊಳಗೆ ನಾಲ್ಕಾರು ನೆರೆಮನೆಗಳೇ ಬರುತ್ತವೆ. ಹೀಗಾಗಿ ಮನೆ ಪಕ್ಕದ ಮರವನ್ನು ತುದಿಯಿಂದ ಬುಡದತ್ತ ತುಂಡು ತುಂಡಾಗಿ ಕಳಚಿ ಹಗ್ಗದಲ್ಲಿ ಇಳಿಸಬೇಕಾಗುತ್ತದೆ.

ಕೊಂಬೆಗೆ ಮೊದಲು ಹಗ್ಗ ಬಿಗಿಯಬೇಕು. ಅದರ ಇನ್ನೊಂದು ತುದಿ ಮೇಲಿನ ಗಟ್ಟಿ ಕವಲನ್ನು ಹಾದು ಕೆಳಗೆ ಬಂದು, ಕಾಂಡದ ಬುಡಕ್ಕೆ ಎರಡು ಮೂರು ಸುತ್ತು ಹಾಕಿಸಿಕೊಳ್ಳುತ್ತದೆ. ಆ ಸುತ್ತುಗಳ ತಿಕ್ಕಾಟದಿಂದಲೇ ಕೆಳಗಿರುವ ಒಬ್ಬ ವ್ಯಕ್ತಿ ಭಾರವನ್ನು ಮೆಲ್ಲಗೆ ಬಿಡಲು ಸಾಧ್ಯ. ಹಗ್ಗವನ್ನು ಬರಿಗೈಗೆ ಅಥವಾ ಸೊಂಟಕ್ಕೆ ಸುತ್ತಿಕೊಂಡು ನಿಲ್ಲುವುದು ನಮ್ಮಲ್ಲಿ ಸಾಮಾನ್ಯ ದೃಶ್ಯ; ಅದು ಪ್ರಾಣಕ್ಕೇ ಎರವಾಗಬಹುದು. ಕೊಂಬೆ ಕತ್ತರಿಸುವಾಗ ಮೊದಲ ಗಾಯ ಕೆಳಗಿನಿಂದ, ಎರಡನೆಯದು ತುಸು ಹೊರಕ್ಕೆ ಸರಿದು ಮೇಲಿನಿಂದ. ಕೆಳಗಿನ ಗಾಯವಿಲ್ಲದಿದ್ದರೆ ಕೊಂಬೆ ಮುರಿಯುವಾಗ ಕಾಂಡದ ಸಿಪ್ಪೆಯನ್ನು ಸುಲಿದುಕೊಂಡು, ಮರವೇರಿದವನ ಕಡೆಗೇ ತೂಗಿ ಬರಬಹುದು.

ತೂಕದ ಅಂದಾಜಿನಲ್ಲಿ ಎಡವುವವರೇ ಹೆಚ್ಚು. ಎರಡು ಅಡಿ, ಅಂದರೆ 60 ಸೆಂಟಿಮೀಟರ್ ದಪ್ಪದ ಹಸಿ ಕಾಂಡದಿಂದ ಒಂದು ಮೀಟರ್ ತುಂಡು ಕತ್ತರಿಸಿದರೆ ಅದರ ತೂಕ 200 ಕಿಲೋ ಮೀರುತ್ತದೆ. ಅದು ಒಂದೆರಡು ಅಡಿ ಬಿದ್ದು ಹಗ್ಗಕ್ಕೆ ಜೋತಾಗ ಬೀಳುವ ಜಗ್ಗು ಅದರ ಹಲವು ಪಟ್ಟು. ಆ ಜಗ್ಗನ್ನೆಲ್ಲ ಹೊರಬೇಕಾದುದು ಕೆಲಸಗಾರ ಕುಳಿತಿರುವ ಅದೇ ಮರ! ಆದ್ದರಿಂದ ಬುಡ ಕೊಳೆತ, ಬೇರು ಸಡಿಲಗೊಂಡ ಮರವನ್ನು ಯಾರೂ ಹತ್ತಕೂಡದು. ಅಂತಹ ಕಡೆ ಬುಟ್ಟಿ ಇರುವ ಲಿಫ್ಟ್ ವಾಹನ ಅಥವಾ ಕ್ರೇನ್ ತರಿಸುವುದೊಂದೇ ದಾರಿ. ಖರ್ಚು ಹೆಚ್ಚೆಂಬುದು ನಿಜ, ಆದರೆ ಬೇರೆ ಮಾರ್ಗವಿಲ್ಲ.

ಉಳಿದ ಮೋಟು ಕಾಂಡ ಮೂರು ಮೀಟರಿಗೆ ಇಳಿದು, ಅಷ್ಟು ಉದ್ದಕ್ಕೆ ಅಂಗಳದಲ್ಲಿ ತೆರವು ಇದ್ದರೆ ಮಾತ್ರ ಉರುಳಿಸಬಹುದು. ಬೀಳಬೇಕಾದ ಕಡೆಗೆ ಕಾಂಡದ ವ್ಯಾಸದ ಕಾಲುಭಾಗದಷ್ಟು ಆಳಕ್ಕೆ ಬಾಯಿ ತೆರೆದಂತೆ ಕಚ್ಚು ಹಾಕಿ, ಹಿಂಬದಿಯಿಂದ ಅದಕ್ಕಿಂತ ತುಸು ಮೇಲ್ಮಟ್ಟದಲ್ಲಿ ಕೊಯ್ಯುತ್ತಾರೆ. ನಡುವೆ ವ್ಯಾಸದ ಹತ್ತನೆಯ ಒಂದು ಭಾಗ, ಎಂದರೆ ಎರಡು ಅಡಿಯ ಕಾಂಡದಲ್ಲಿ ಆರು ಸೆಂಟಿಮೀಟರ್ ಕಟ್ಟಿಗೆಯನ್ನು ಕತ್ತರಿಸದೆ ಬಿಡಬೇಕು. ಬಾಗಿಲಿನ ತಿರುಗಣೆಯಂತೆ ಮರವನ್ನು ಗುರಿಯತ್ತ ಒಯ್ಯುವುದು ಆ ಪಟ್ಟಿ. ಅದನ್ನೂ ಕೊಯ್ದುಬಿಟ್ಟರೆ ಕಾಂಡ ಯಾವ ಕಡೆಗೆ ಹೊರಳುತ್ತದೆಂದು ಹೇಳುವವರಿಲ್ಲ. ಕೊಯ್ಯುವವನು ಹಿಂದಕ್ಕೆ ಓರೆಯಾಗಿ ಓಡಲು ದಾರಿಯನ್ನು ಮುಂಚೆಯೇ ತೆರವು ಮಾಡಿಕೊಂಡಿರಬೇಕು.

ತಂತಿ, ಸಂಪು, ಜೇನು

ಕೊಂಬೆಗಳ ನಡುವೆ ವಿದ್ಯುತ್ ತಂತಿ ಹಾದಿದ್ದರೆ ಬೆಸ್ಕಾಂನಿಂದ ವಿದ್ಯುತ್ ಕಡಿತ ಮಾಡಿಸಿ, ಅದು ಖಾತ್ರಿಯಾದ ನಂತರವೇ ಕೆಲಸ ಆರಂಭಿಸಬೇಕು, ಸಹಾಯವಾಣಿ 1912. ಹಸಿ ಕೊಂಬೆಯೂ, ನೆನೆದ ಹಗ್ಗವೂ ವಿದ್ಯುತ್ ಹರಿಸುತ್ತವೆ. ಬೆಂಗಳೂರಿನ ಮನೆಗಳ ಮುಂದಿನ ನೀರಿನ ಸಂಪು ಇನ್ನೊಂದು ಮರೆತುಹೋಗುವ ಅಪಾಯ: ಅದರ ಚಪ್ಪಡಿಯ ಮೇಲೆ ದಿಮ್ಮಿ ಬಿದ್ದರೆ ಒಳಗೇ ಕುಸಿಯುತ್ತದೆ. ದಿಮ್ಮಿ ಇಳಿಯುವ ಜಾಗವನ್ನು ಅದರಿಂದ ದೂರ ಗೊತ್ತುಪಡಿಸಿ ಹಳೆಯ ಟೈರುಗಳನ್ನು ಹಾಸುವುದು ಒಳ್ಳೆಯದು. ಹಕ್ಕಿಗೂಡು, ಜೇನುಗೂಡುಗಳನ್ನು ಹಿಂದಿನ ದಿನವೇ ನೋಡಿಕೊಳ್ಳಬೇಕು. ಗಾಳಿ ಎದ್ದರೆ, ಮಳೆ ಹನಿದರೆ ಅಲ್ಲಿಗೇ ನಿಲ್ಲಿಸಬೇಕು.

ಕಟ್ಟಿಗೆ ತನಗೇ ಬಿಟ್ಟರೆ ಪುಕ್ಕಟೆ ಕಡಿದುಕೊಡುತ್ತೇನೆ ಎನ್ನುವವರು ಮನೆ ಬಾಗಿಲಿಗೇ ಬರುತ್ತಾರೆ. ಅವರು ಕರೆತರುವ ಹುಡುಗನ ಬಳಿ ಬಹುತೇಕ ಇರುವುದು ಒಂದು ನಾರಿನ ಹಗ್ಗ ಮತ್ತು ಮಚ್ಚು. ಮರದ ಮೇಲೆ ಯಂತ್ರಗರಗಸ ಹಿಡಿಯುವವನಿಗೆ ಶಿರಸ್ತ್ರಾಣ, ಕಾಲುಗವಸು, ಸೊಂಟ-ತೊಡೆಗಳಿಗೆ ಬಿಗಿಯುವ ಪಟ್ಟಿ ಬೇಕು. ಮರಕ್ಕೆ ಎರಡು ಬೇರೆ ಬೇರೆ ಆಸರೆಗಳಿರಬೇಕು, ಒಂದನ್ನು ಗರಗಸ ಕತ್ತರಿಸಿದರೂ ಇನ್ನೊಂದು ಹಿಡಿಯುವಂತೆ. ಗುತ್ತಿಗೆ ಮಾತಾಡುವಾಗ ದರಕ್ಕಿಂತ ಮೊದಲು ಕೇಳಬೇಕಾದುದು ಈ ಸಲಕರಣೆಗಳನ್ನು ಮತ್ತು ಕೆಲಸಗಾರರಿಗೆ ವಿಮೆಯಿದೆಯೇ ಎಂಬುದನ್ನು. ಬಿದ್ದು ನಡ ಮುರಿದುಕೊಳ್ಳುವವನು ಮನೆಯ ಯಜಮಾನನೂ ಅಲ್ಲ, ಗುತ್ತಿಗೆದಾರನೂ ಅಲ್ಲ.

ಬುಡವನ್ನು ಜೆಸಿಬಿಯಿಂದ ಎಳೆಸುವ ಆತುರ ಬೇಡ. ಬೇರುಗಳು ನೀರಿನ ಕೊಳವೆ, ಪಾಯಗಳ ಕೆಳಗೆ ಹೆಣೆದುಕೊಂಡಿರುತ್ತವೆ. ನೆಲಮಟ್ಟಕ್ಕೆ ಕತ್ತರಿಸಿ ಮಣ್ಣು ಮುಚ್ಚಿದರೆ ಕೆಲವು ವರ್ಷಗಳಲ್ಲಿ ತಾನೇ ಕೊಳೆಯುತ್ತದೆ. ಕಡಿದ ಮರಕ್ಕೆ ಬದಲಾಗಿ ಗೊತ್ತುಪಡಿಸಿದ ಅವಧಿಯೊಳಗೆ ಇನ್ನೊಂದನ್ನು ನೆಡುವ ಹೊಣೆಯನ್ನೂ ಕಾಯ್ದೆ ವಿಧಿಸುತ್ತದೆ. ಗೋಡೆಗೆ ನಾಲ್ಕಡಿ ದೂರದಲ್ಲಿ ಮತ್ತೊಂದು ಗುಲ್‌ಮೊಹರ್ ನೆಡುವ ಬದಲು ಪಾರಿಜಾತ ಅಥವಾ ಕರಿಬೇವು ಆಯ್ದುಕೊಳ್ಳಬಹುದು. ಹೊಂಗೆ ನೆಡುವಷ್ಟು ಜಾಗ ಹತ್ತಿರದ ಉದ್ಯಾನದಲ್ಲಿ ಸಿಕ್ಕರೆ ಅದಕ್ಕೂ ಕಾಯ್ದೆಯ ಅಡ್ಡಿಯಿಲ್ಲ.