ತಿದ್ದುವ ಕೈ ಸೋತಾಗ

ಮಕ್ಕಳ ಉಕ್ತಲೇಖನ ತಿದ್ದುವುದರಲ್ಲಿಯೇ ನನ್ನ ಸೇವಾವಧಿಯ ಬಹುಭಾಗ ಕಳೆಯಿತು. ತಪ್ಪಿಲ್ಲದೆ ಬರೆಯುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ಹಳೆವಿದ್ಯಾರ್ಥಿಗಳು ಮರೆತಿರಲಾರರು. ದೇಹದ ಜೀವಕೋಶವೂ ಎರಡಾಗುವ ಮುನ್ನ ತನ್ನ ಡಿ.ಎನ್.ಎ.ಯನ್ನು ಪೂರ್ಣವಾಗಿ ನಕಲು ಮಾಡಬೇಕು.

ಡಿ.ಎನ್.ಎ. ನಾಲ್ಕೇ ಅಕ್ಷರಗಳ ಗ್ರಂಥ. ತಂದೆಯಿಂದ ಬಂದ ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳು, ತಾಯಿಯಿಂದ ಬಂದುದರಲ್ಲಿ ಸುಮಾರು ಅಷ್ಟೇ. ನಕಲು ಮಾಡುವ ಕಿಣ್ವವು ಲಕ್ಷಕ್ಕೊಂದರಂತೆ ತಪ್ಪಿದರೂ ಕೂಡಲೇ ಹಿಂದಿರುಗಿ ತಿದ್ದಿಕೊಳ್ಳುತ್ತದೆ. ಅದರ ಕಣ್ಣು ತಪ್ಪಿದುದನ್ನು ಬೇರೆ ಪ್ರೋಟೀನುಗಳು ಸರಿಪಡಿಸುತ್ತವೆ. ಕೊನೆಗುಳಿಯುವ ತಪ್ಪು ನೂರು ಕೋಟಿಗೆ ಒಂದರಷ್ಟು ಮಾತ್ರ. ಈ ದುರಸ್ತಿಯ ಬಗೆಗಳನ್ನು ಬಿಡಿಸಿ ತೋರಿಸಿದ ಲಿಂಡಾಲ್, ಮಾಡ್ರಿಚ್, ಸಂಜಾರ್ ಎಂಬ ಮೂವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಡಿ.ಎನ್.ಎ.ಯ ಎಳೆಗಳೇ ತುಂಡಾದರೆ ಎ.ಟಿ.ಎಂ. ಎಂಬ ಪ್ರೋಟೀನು ಎಚ್ಚರಿಸುತ್ತದೆ. ಪಿ-53 ಎಂಬ ಇನ್ನೊಂದು ಪ್ರೋಟೀನು ನಕಲನ್ನು ತಡೆದು ದುರಸ್ತಿಗೆ ಅವಕಾಶ ಕೊಡುತ್ತದೆ. ದುರಸ್ತಿ ಅಸಾಧ್ಯವಾದರೆ ಆ ಜೀವಕೋಶ ಸಾಯುವಂತೆ ಮಾಡುತ್ತದೆ.

ವೃದ್ಧರಲ್ಲಿ ಹೆಚ್ಚಾಗಿ ಕಾಣುವ ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಿ ಈ ಕಾವಲು ಬಹು ಮುಖ್ಯ. ಇದರಲ್ಲಿ ಒಂದು ಬಗೆಯ ಬಿಳಿ ರಕ್ತಕಣಗಳು ಸಾಯದೆ ಗುಂಪುಗೂಡುತ್ತವೆ ಎಂದಷ್ಟೇ ಬಹುಕಾಲ ನಂಬಲಾಗಿತ್ತು. ರಕ್ತದಲ್ಲಿ ಹರಿಯುವ ಕಣಗಳಲ್ಲಿ ನಕಲಿನ ಜೀನ್‌ಗಳು ಬಹುಮಟ್ಟಿಗೆ ನಿದ್ರಿಸುತ್ತಿರುವುದೂ ನಿಜ. ಆದರೆ ದುಗ್ಧಗ್ರಂಥಿಗಳಲ್ಲಿ ಅವು ಎಚ್ಚೆತ್ತಿರುತ್ತವೆ. ರೋಗಿಗಳಿಗೆ ಭಾರಜಲ ಕುಡಿಸಿ ನಡೆಸಿದ ಅಧ್ಯಯನವೊಂದು, ರೋಗಕಣಗಳ ಒಟ್ಟು ಸಂಖ್ಯೆಯ ಶೇಕಡಾ 0.1ರಿಂದ 1ಕ್ಕೂ ಹೆಚ್ಚು ಭಾಗ ದಿನವೂ ಹೊಸದಾಗಿ ಹುಟ್ಟುತ್ತದೆಂದು 2005ರಲ್ಲಿ ತೋರಿಸಿತು.

ನಕಲು ನಡೆದಂತೆ ತಪ್ಪುಗಳಿಗೂ ಎಡೆಯುಂಟು. ಕೆಲವರ ರೋಗಕಣಗಳಲ್ಲಿ 11ನೆಯ ವರ್ಣತಂತುವಿನ ತುಣುಕಿನೊಡನೆ ಎ.ಟಿ.ಎಂ. ಜೀನ್ ಕಳೆದುಹೋಗಿರುತ್ತದೆ, ಇನ್ನು ಕೆಲವರಲ್ಲಿ 17ನೆಯ ವರ್ಣತಂತುವಿನ ತುಣುಕಿನೊಡನೆ ಪಿ-53ರ ಜೀನ್. ಎರಡನೆಯದು ಹೆಚ್ಚು ಗಂಭೀರ. ಹಳೆಯ ಕೀಮೋ ಔಷಧಗಳು ರೋಗಕಣದ ಡಿ.ಎನ್.ಎ.ಯನ್ನು ಕೆಡಿಸುತ್ತವೆ; ಮುಂದೆ ಸಾವಿನ ಆಜ್ಞೆಯನ್ನು ಪಿ-53 ಹೊರಡಿಸಬೇಕು. ಆಜ್ಞೆ ಮಾಡುವವನೇ ಇಲ್ಲದಿದ್ದರೆ ಔಷಧವು ವ್ಯರ್ಥ.

ಪಿ-53ರ ಹಂಗಿಲ್ಲದ ಔಷಧಗಳು ಈಗ ಬಂದಿವೆ. ಇಬ್ರುಟಿನಿಬ್ ಎಂಬುದು ರೋಗಕಣವನ್ನು ಬೆಳೆಸುವ ಸಂಕೇತವನ್ನು ತಡೆಯುತ್ತದೆ. ವೆನೆಟೋಕ್ಲಾಕ್ಸ್ ಎಂಬುದು ಅದರ ಸಾವಿಗೆ ಅಡ್ಡಿಯಾದ ಪ್ರೋಟೀನನ್ನೇ ಕಟ್ಟಿಹಾಕುತ್ತದೆ. ಈ ರೋಗಕ್ಕೆ ಅವುಗಳ ಬಳಕೆಗೆ ಅಮೆರಿಕದಲ್ಲಿ 2014 ಮತ್ತು 2016ರಲ್ಲಿ ಅನುಮತಿ ದೊರೆಯಿತು.

ಕೆಲವು ವರ್ಷಗಳ ಹಿಂದೆ ನನ್ನ ಸಹೋದ್ಯೋಗಿಯೊಬ್ಬರಿಗೆ ಇದೇ ರೋಗ ತಗಲಿತು. ವೈದ್ಯರು ಔಷಧ ಕೊಡದೆ, ಆಗಾಗ ರಕ್ತ ಪರೀಕ್ಷಿಸಿ ಕಳುಹಿಸುತ್ತಿದ್ದರು. “ಮಾಸ್ಟ್ರೇ, ನನ್ನ ಆಸೆಯನ್ನೇ ಬಿಟ್ಟರೇನು?” ಎಂದು ಅವರು ನೊಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಲಕ್ಷಣಗಳಿಲ್ಲದ ಆರಂಭದ ಹಂತದಲ್ಲಿ ಕಾದು ನೋಡುವುದೇ ಒಪ್ಪಿತ ಕ್ರಮವೆಂದೂ, ಚಿಕಿತ್ಸೆ ಆರಂಭಿಸುವ ಮುನ್ನ ಪಿ-53ರ ಸ್ಥಿತಿಯನ್ನು ಪರೀಕ್ಷಿಸಬೇಕೆಂದೂ ಅನಂತರ ಓದಿ ತಿಳಿದುಕೊಂಡೆ. ಅಂದು ಹೇಳಲಾಗದ ಆ ಉತ್ತರವನ್ನು ಇಲ್ಲಿ ಬರೆದಿದ್ದೇನೆ, ಅಗತ್ಯವಿದ್ದವರಿಗೆ ಒದಗಲಿ.